ನೆರೆಮನೆಯ ಧರ್ಮ

ಮುಂಡಾಜೆಯ ತೋಟದ ಮನೆಗಳಿಗೆ ನೆರೆಯೆಂದರೆ ದಾರಿ, ನೀರು, ಆಪತ್ತಿಗೊದಗುವ ಕೈ. ಜಾತಿ ಮೀರಿ ವಿವಾಹವಾದ ದಂಪತಿಗಳಿಗೆ ನೆರೆಯವನು ಮುಖ ತಿರುಗಿಸಿದರೆ ಅದು ಕಠಿನ ಶಿಕ್ಷೆಯೇ ಸರಿ. ಈ ಶಿಕ್ಷೆಯು ನಮ್ಮ ಜಿಲ್ಲೆಗೆ ಹೊಸತಲ್ಲ. 1892ರಲ್ಲಿ ಮಂಗಳೂರಿನಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರಿಗೆ ಸ್ವಜಾತಿಯವರೇ ಬಹಿಷ್ಕಾರ ಹಾಕಿದರು. ಆದರೂ ಅವರು 1912ರಲ್ಲಿ ಮಗಳು ರಾಧಾಬಾಯಿಯನ್ನು ಅನ್ಯಜಾತಿಯ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಆ ಮಗಳೇ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಸ್ತ್ರೀಯರ ಪರವಾಗಿ ಕುಳಿತವರು.

1954ರ ವಿಶೇಷ ವಿವಾಹ ಕಾಯಿದೆಯಂತೆ ವಿವಾಹದ ನೋಟೀಸಿಗೆ 30 ದಿನಗಳೊಳಗೆ ಯಾರೂ ಆಕ್ಷೇಪವೆತ್ತಬಹುದು. ಜಾತಿಭೇದವು ಮಾತ್ರ ಆಕ್ಷೇಪಕ್ಕೆ ಕಾರಣವಾಗಲಾರದು. ಆದರೆ ಬೇಲಿಯಾಚೆಯ ಮೌನಕ್ಕೆ ಕಾಯಿದೆಯ ಕೈ ನಿಲುಕದು. ಹಳೆ ವಿದ್ಯಾರ್ಥಿನಿಯರೇ, ಹೆತ್ತವರೇ, ಅಂತಹ ದಂಪತಿಗಳು ಊರಿಗೆ ಬಂದಾಗ ಮೊದಲ ಕರೆಯು ನಮ್ಮ ಮನೆಗಳಿಂದಲೇ ಹೋಗತಕ್ಕದ್ದು.