ಇಳಿದು ತಳ್ಳಿದರೆ ಮಾನ ಹೋದೀತೆ?

ಕಳೆದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ತಿರುವೊಂದರಲ್ಲಿ ನಾನು ಕಂಡ ನೋಟವೇ ಈ ಲೇಖನಕ್ಕೆ ಕಾರಣ. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಬೈಸಿಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು, ತಲೆ ತಗ್ಗಿಸಿ ನಡೆಯುತ್ತಿದ್ದ. ಅವನನ್ನು ಹಿಂದೆ ಹಾಕಿ ಹೋದ ನಾಲ್ವರು ಸವಾರರಲ್ಲಿ ಒಬ್ಬರು, "ಏನಪ್ಪಾ, ವಾಕಿಂಗಿಗೆ ಬಂದೆಯಾ?" ಎಂದರು. ಉಳಿದವರು ನಕ್ಕರು. ಹುಡುಗ ಅಲ್ಲಿಂದಲೇ ಬೈಸಿಕಲ್ಲು ತಿರುಗಿಸಿಕೊಂಡು ಇಳಿದುಹೋದ. ಮುಂದಿನ ಮೂರು ಭಾನುವಾರವೂ ಅವನಿಗಾಗಿ ಕಣ್ಣಾಡಿಸಿದೆ. ಅವನು ಬರಲಿಲ್ಲ.

ನಕ್ಕವರು ಕೆಟ್ಟವರಲ್ಲ. ವಾರವೆಲ್ಲ ಕಛೇರಿಯಲ್ಲಿ ದುಡಿದು, ರಜೆಯ ದಿನವೂ ನಸುಕಿನಲ್ಲೇ ಎದ್ದು, ಬೆಂಗಳೂರಿನಿಂದ ಸುಮಾರು ಅರುವತ್ತು ಕಿಲೋಮೀಟರು ದೂರದ ಬೆಟ್ಟಕ್ಕೆ ಬರುವ ಸಜ್ಜನರು. ಕೆಟ್ಟದ್ದು ಅವರ ತಲೆಯಲ್ಲಿ ಕುಳಿತಿರುವ ಸಿದ್ಧಾಂತ. ಗಟ್ಟಿ ಗೇರಿನಲ್ಲಿ ಹತ್ತಬೇಕು. ನಡುವೆ ಕಾಲು ನೆಲಕ್ಕೆ ಊರಬಾರದು. ಹೋದ ವಾರಕ್ಕಿಂತ ಅರ್ಧ ನಿಮಿಷವಾದರೂ ಮೊದಲು ತುದಿ ಮುಟ್ಟಬೇಕು. ಇದಾಗದವನು ಸವಾರನೇ ಅಲ್ಲ. ಇದಕ್ಕೆ ಅವರು ಅಭ್ಯಾಸ ಎಂದು ಹೆಸರಿಟ್ಟಿದ್ದಾರೆ. ನಾನು ಒಣಜಂಬ ಎನ್ನುತ್ತೇನೆ.

ಹೀಗೆನ್ನುವ ಅಧಿಕಾರ ನನಗುಂಟು. ಆ ಜಂಬಕ್ಕೆ ನಾನೇ ಬೆಲೆ ತೆತ್ತವನು. ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಬೈಸಿಕಲ್ಲು ಕೊಂಡಾಗ ಅದರ ಮುಂದಿನ ಸಣ್ಣ ಹಲ್ಲುಚಕ್ರಕ್ಕೆ ೩೯ ಹಲ್ಲು, ಹಿಂದಿನ ದೊಡ್ಡದಕ್ಕೆ ೨೫. ಇನ್ನೂ ಹಗುರಾದ ಗೇರು ಹಾಕಿಸಲೇ ಎಂದು ಬಳಗದ ಹಿರಿಯರೊಬ್ಬರನ್ನು ಕೇಳಿದೆ. "ಅದೆಲ್ಲ ಮುದುಕರಿಗೆ ಕಣ್ರೀ" ಎಂದುಬಿಟ್ಟರು. ಮುದುಕನೆನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಒಂದು ವರ್ಷ ಹಲ್ಲು ಕಚ್ಚಿ ತುಳಿದೆ. ಎರಡನೆಯ ವರ್ಷ ಮಂಡಿ ಹಿಡಿಯಿತು. ಹದಿನಾಲ್ಕು ತಿಂಗಳು ಬೈಸಿಕಲ್ಲು ಗೋಡೆಗೆ ಒರಗಿತ್ತು. ನಾನು ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತುತ್ತಿದ್ದೆ. ನಂದಿ ಹತ್ತಿದ ಶೂರನ ಗತಿ ಇದು!

ಆ ಬಿಡುವಿನಲ್ಲಿ ನಾನು ಮಾಡಿದ ಒಂದು ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ. ನೂರು ಮೀಟರು ಸಾಗುವಷ್ಟರಲ್ಲಿ ಹತ್ತು ಮೀಟರು ಏರುವ ಕಡಿದಾದ ದಾರಿಯಲ್ಲಿ ನನ್ನಂಥವನ ವೇಗ ಗಂಟೆಗೆ ಆರು ಕಿಲೋಮೀಟರು. ಎಂದರೆ ನಿಮಿಷಕ್ಕೆ ನೂರು ಮೀಟರು. ನನ್ನ ಹಳೆಯ ಗೇರಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಬೈಸಿಕಲ್ಲು ಸುಮಾರು ೩.೩ ಮೀಟರು ಮುಂದೆ ಹೋಗುತ್ತಿತ್ತು. ಆದ್ದರಿಂದ ನಿಮಿಷಕ್ಕೆ ಮೂವತ್ತೇ ಸುತ್ತು; ಒಂದೊಂದು ಸುತ್ತೂ ಗಾಣದ ಎತ್ತಿನ ಪಾಡು. ಹಿಂದೆಮುಂದೆ ೩೪ ಹಲ್ಲಿನ ಚಕ್ರಗಳನ್ನು ಹಾಕಿದರೆ ಅದೇ ವೇಗಕ್ಕೆ ಸುಮಾರು ೪೮ ಸುತ್ತು. ಪ್ರತಿ ತುಳಿತದ ಒತ್ತಡದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಇಳಿತ. ಬೆಟ್ಟ ಕೇಳುವ ಒಟ್ಟು ದುಡಿಮೆ ಎರಡರಲ್ಲೂ ಒಂದೇ. ಅದೇ ಭತ್ತವನ್ನು ಎರಡು ಮೂಟೆಯಾಗಿ ಹೊರುತ್ತೀರೋ ಮೂರು ಮೂಟೆ ಮಾಡಿ ಹೊರುತ್ತೀರೋ ಎಂಬುದಷ್ಟೇ ಪ್ರಶ್ನೆ. ಬೆನ್ನು ಯಾರದ್ದೋ ಅವರೇ ಯೋಚಿಸಲಿ.

ಈ ಜಂಬ ಇಂದಿನದಲ್ಲ. ಫ್ರಾನ್ಸಿನ ಹೆಸರಾಂತ ಬೈಸಿಕಲ್ ಪಂದ್ಯ ಟೂರ್ ದ ಫ್ರಾನ್ಸ್ ೧೯೦೩ರಲ್ಲಿ ಶುರುವಾಯಿತಷ್ಟೆ. ಅದರ ಯಜಮಾನರಾದ ಆನ್ರಿ ದೆಗ್ರಾಂಜ್ ಅವರಿಗೆ ಗೇರು ಬದಲಿಸುವ ಸಾಧನವೆಂದರೆ ತಾತ್ಸಾರ. ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ಮಗ್ಗುಲು ಬದಲಿಸಿ ಹಾಕಿಕೊಂಡು ಹತ್ತಬೇಕಾಗಿತ್ತು. ಆ ಸಾಧನಕ್ಕೆ ಪಂದ್ಯದಲ್ಲಿ ಪ್ರವೇಶ ಸಿಕ್ಕಿದ್ದು ೧೯೩೭ರಲ್ಲಿ. ಇಂದು ಅದೇ ಪಂದ್ಯದ ವೃತ್ತಿಪರರು ಕಡಿದಾದ ಏರಿಗೆ ಹಿಂದೆ ಮೂವತ್ತಕ್ಕೂ ಮೀರಿದ ಹಲ್ಲಿನ ಚಕ್ರ ಹಾಕಿಕೊಳ್ಳುತ್ತಾರೆ. ಹೊಟ್ಟೆಪಾಡಿಗಾಗಿ ಬೆಟ್ಟ ಹತ್ತುವವರಿಗೆ ಇಲ್ಲದ ನಾಚಿಕೆ ಭಾನುವಾರದ ಸವಾರರಾದ ನಮಗೇಕೆ?

ಇನ್ನು ಇಳಿದು ತಳ್ಳುವ ಮಾತು. ೧೯೧೦ರಲ್ಲಿ ಆ ಪಂದ್ಯ ಮೊತ್ತಮೊದಲಿಗೆ ಪಿರೆನೀಸ್ ಪರ್ವತಗಳ ಎತ್ತರದ ಕಣಿವೆಗಳನ್ನು ದಾಟಿತು. ಒಂದೇ ದಿನ ೩೨೬ ಕಿಲೋಮೀಟರು. ನಡುವೆ ೨,೧೧೫ ಮೀಟರು ಎತ್ತರದ ತೂರ್ಮಲೆ. ಗುಸ್ತಾವ್ ಗಾರಿಗೂ ಎಂಬಾತ ಒಮ್ಮೆಯೂ ಇಳಿಯದೆ ಅದನ್ನು ಹತ್ತಿ ನೂರು ಫ್ರಾಂಕು ಬಹುಮಾನ ಪಡೆದ. ಆದರೆ ಅವನಿಗಿಂತ ಮುಂಚೆ ತುದಿ ಮುಟ್ಟಿದವನು ಅಲ್ಲಲ್ಲಿ ಇಳಿದು ನಡೆದ ಒಕ್ತಾವ್ ಲಪೀಜ್. ಆ ದಿನವನ್ನೂ ಗೆದ್ದವನು ಅವನೇ, ಆ ವರ್ಷದ ಪಂದ್ಯವನ್ನೂ ಗೆದ್ದವನು ಅವನೇ. ನಮ್ಮ ನಾಲ್ವರು ಮಹನೀಯರು ಅಲ್ಲಿದ್ದಿದ್ದರೆ ಅವನನ್ನೂ "ವಾಕಿಂಗಿಗೆ ಬಂದೆಯಾ?" ಎಂದು ಕೇಳುತ್ತಿದ್ದರೋ ಏನೋ.

ಅಷ್ಟು ದೂರವೇಕೆ? ಮಲೆನಾಡಿನಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆ ದಿನವೂ ಬೈಸಿಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದರು. ಏರು ಬಂದರೆ ಇಳಿದು, ಪಂಚೆ ಎತ್ತಿ ಕಟ್ಟಿ, ಎದುರಾದವರ ಕ್ಷೇಮ ವಿಚಾರಿಸುತ್ತ ತಳ್ಳುತ್ತಿದ್ದರು. ಯಾರೂ ನಗಲಿಲ್ಲ. ಶಾಲೆ ಮುಟ್ಟುವುದು ಮುಖ್ಯವಾಗಿತ್ತು; ಮರುದಿನವೂ ಮುಟ್ಟಬೇಕಾಗಿತ್ತು.

"ಕಷ್ಟಪಡದೆ ಕಾಲಿಗೆ ಬಲ ಬಂದೀತೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಷ್ಟ ಬೇಕು. ವರ್ಷಗಟ್ಟಲೆ ತುಳಿದು ಪಳಗಿದವನು ಅಳತೆಯಿಟ್ಟುಕೊಂಡು ಗಟ್ಟಿ ಗೇರಿನಲ್ಲಿ ಹತ್ತಲಿ, ನನ್ನ ತಕರಾರಿಲ್ಲ. ಆದರೆ ಅಳತೆಯ ಕಷ್ಟ ಬೇರೆ, ನಾಲ್ಕು ಜನ ನಗುತ್ತಾರೆಂದು ಪಡುವ ಕಷ್ಟ ಬೇರೆ. ಮೊದಲನೆಯದು ಕಾಲನ್ನು ಕಟ್ಟುತ್ತದೆ; ಎರಡನೆಯದು ಮುರಿಯುತ್ತದೆ.

ಇನ್ನೊಂದನ್ನೂ ಮರೆಯಬಾರದು: ಹತ್ತಿದವನು ಇಳಿಯಬೇಕು. ಒಲಿಂಪಿಕ್ ಪದಕ ಗೆದ್ದಿದ್ದ ಫಾಬಿಯೊ ಕಸರ್ತೆಲ್ಲಿಯಂಥ ನುರಿತ ಸವಾರ ೧೯೯೫ರ ಟೂರ್ ದ ಫ್ರಾನ್ಸಿನಲ್ಲಿ ಪ್ರಾಣ ಬಿಟ್ಟದ್ದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ತುದಿಯಲ್ಲಿ ಉಸಿರು ಕಟ್ಟಿ, ಕಣ್ಣು ಕತ್ತಲಿಟ್ಟು, ಕೈ ನಡುಗುವಂತೆ ಹತ್ತಿದವನು ಆ ತಿರುವುಗಳಲ್ಲಿ ಬ್ರೇಕು ಹಿಡಿಯುವುದಾದರೂ ಹೇಗೆ? ಇಳಿಯುವುದಕ್ಕೆ ಬೇಕಾದ ಎಚ್ಚರವನ್ನು ಉಳಿಸಿಕೊಂಡು ಹತ್ತುವುದೇ ಬೆಟ್ಟದ ಅಭ್ಯಾಸದ ಮೊದಲ ಪಾಠ.

ನಾನು ಈಗ ೩೪ ಹಲ್ಲಿನ ಚಕ್ರ ಹಾಕಿಸಿಕೊಂಡಿದ್ದೇನೆ. ನನ್ನನ್ನು ದಾಟಿಹೋಗದವರು ಕಡಮೆ. ಮಂಡಿ ನೋಯತೊಡಗಿದರೆ ಇಳಿದು ತಳ್ಳುತ್ತೇನೆ. ಆರು ವರ್ಷಗಳಿಂದ ಒಂದು ತಿಂಗಳೂ ಬೆಟ್ಟ ತಪ್ಪಿಲ್ಲ. ನನ್ನನ್ನು ಗದರಿದ ಹಿರಿಯರು ಈಚೆಗೆ ಕಾಣುತ್ತಿಲ್ಲ. ಅವರ ಮಂಡಿಯ ಸಮಾಚಾರ ಕೇಳುವ ಧೈರ್ಯ ನನಗಿಲ್ಲ.

ಆ ಹುಡುಗ ಈ ಬರಹವನ್ನು ಓದಿದರೆ ಅವನಿಗೆ ಒಂದೇ ಮಾತು: ಬಾಪ್ಪಾ, ಬರುವ ಭಾನುವಾರ. ಸವಾರನ ಅಳತೆ ತುದಿಯಲ್ಲಿನ ಗಡಿಯಾರವಲ್ಲ. ಮತ್ತೆ ಬಂದನೋ ಇಲ್ಲವೋ ಎಂಬುದು. ನೀನು ತಳ್ಳುತ್ತ ಬಾ. ನಾನೂ ಇಳಿದು ನಿನ್ನ ಜೊತೆಗೆ ತಳ್ಳುತ್ತೇನೆ. ನಗುವವರು ನಗಲಿ.