ಯಂತ್ರದ ಲೆಕ್ಕ ಯಾರ ಕೈಯಲ್ಲಿ?

ಅಘನಾಶಿನಿಯಿಂದ ತದಡಿಗೆ ದಾಟುವ ತಾರಿಯಲ್ಲಿ ಇಂದು ನಿಂತು ನೋಡಿದರೆ, ಮೀನಿನ ಬುಟ್ಟಿ ಇಳಿಸಿ ಕುಳಿತ ಹೆಂಗಸಿನಿಂದ ಹಿಡಿದು ಶಾಲೆಗೆ ಹೊರಟ ಹುಡುಗನವರೆಗೆ ಹೆಚ್ಚಿನವರ ಕೈಯಲ್ಲಿ ಫೋನಿದೆ. ಕುಮಟೆಯ ಪೇಟೆಯಲ್ಲೂ, ಹೊನ್ನಾವರದ ಬಂದರಿನಲ್ಲೂ, ಭಟ್ಕಳದ ಅಂಗಡಿ ಸಾಲಿನಲ್ಲೂ ಇದೇ ನೋಟ. ಇದರ ಬಗ್ಗೆ ನಮ್ಮ ಜನರಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಇದು ಬಂದು ಊರೇ ಕೆಟ್ಟಿತು’ ಎನ್ನುವವರು ಒಂದು ಕಡೆ. ‘ಇನ್ನು ಮುಂದೆ ಎಲ್ಲವನ್ನೂ ಇದೇ ನೋಡಿಕೊಳ್ಳುತ್ತದೆ’ ಎನ್ನುವವರು ಇನ್ನೊಂದು ಕಡೆ. ನಾವು ಈ ಎರಡು ಪಂಗಡಕ್ಕೂ ಸೇರಿದವರಲ್ಲ.

ನಾವು ಯಂತ್ರಪ್ರಿಯರು. ಅದನ್ನು ಮುಚ್ಚಿಡುವ ಕಾರಣವಿಲ್ಲ. ಒಂದೊಂದೇ ಮೊಳೆ ಜೋಡಿಸಿ ಪತ್ರಿಕೆ ಅಚ್ಚು ಮಾಡುತ್ತಿದ್ದ ಕಾಲದ ಕಷ್ಟ ಬಲ್ಲವರು ಕಂಪ್ಯೂಟರನ್ನು ಬೈಯಲಾರರು. ಹೊಸ ಯಂತ್ರ ಬಂತೆಂದರೆ ಬಿಚ್ಚಿ ನೋಡುವ ಚಪಲ ನಮಗೂ ಉಂಟು. ಆದರೆ ಚಪಲವೊಂದೇ ಸಾಲದು. ಈ ಯಂತ್ರ ಹಗಲಿರುಳು ಬರೆದಿಡುವ ಲೆಕ್ಕದ ಪುಸ್ತಕ ಯಾರ ಗಲ್ಲಾಪೆಟ್ಟಿಗೆಯಲ್ಲಿದೆ ಎಂದು ಕೇಳುವುದು ದುಡಿಯುವವರ ಪತ್ರಿಕೆಯ ಕರ್ತವ್ಯ.

ಕುಮಟೆ ಕಲಿತ ಪಾಠ

ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸತಲ್ಲ. 19ನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಇಲ್ಲಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ವ್ಯಾಪಾರ ಉಬ್ಬಿತು. ಮುಂಬಯಿ ಮತ್ತು ವಿಲಾಯತಿಯ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ಒಂದು ಜಾತಿಯ ಹತ್ತಿಗೆ ನಿಂತುಬಿಟ್ಟಿತು. ಅದೇ ಶತಮಾನದ ಕೊನೆಗೆ ರೈಲು ಬಂತು. ಆದರೆ ಅದು ಕುಮಟೆಗೆ ಬರಲಿಲ್ಲ. ಘಟ್ಟವನ್ನು ಬೇರೆ ಕಡೆ ಇಳಿದು ಗೋವೆಯ ಮಾರ್ಮಗೋವಾ ಬಂದರಿಗೆ ಹೋಯಿತು. ಹತ್ತಿಯೂ ಅದನ್ನೇರಿ ಹೋಯಿತು. ಕುಮಟೆಯ ಬಂದರು ಬಡವಾಯಿತು.

ತಪ್ಪು ರೈಲಿನದೇ? ಅಲ್ಲ. ಹಳಿಯನ್ನು ಎಲ್ಲಿ ಹಾಸಬೇಕೆಂದು ನಿರ್ಧರಿಸಿದವರು ಕಂಪೆನಿಯ ಪಾಲುದಾರರು ಮತ್ತು ಪರದೇಶಿ ಸರಕಾರಗಳು. ಹಮಾಲನನ್ನಾಗಲಿ, ಗಾಡಿ ಹೊಡೆಯುವವನನ್ನಾಗಲಿ ಯಾರೂ ಕೇಳಲಿಲ್ಲ. ಕುಮಟೆ, ಹೊನ್ನಾವರ, ಭಟ್ಕಳದ ಉದ್ದಕ್ಕೂ ಕೊಂಕಣ ರೈಲು ಓಡುವುದಕ್ಕೆ 1998ನೇ ಇಸವಿಯವರೆಗೆ ಕಾಯಬೇಕಾಯಿತು. ಯಂತ್ರದ ದಾರಿಯನ್ನು ಯಾರು ಗೊತ್ತುಮಾಡುತ್ತಾರೋ ಅವರೇ ಊರಿನ ಹಣೆಬರಹವನ್ನೂ ಬರೆಯುತ್ತಾರೆ.

ಮಗ್ಗದ ಮನೆಯ ಕೂಸು

ಗಿರಣಿಯಲ್ಲಿ ದುಡಿಯುವ ಬಂಧುಗಳು ಕಂಪ್ಯೂಟರೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳ ವಸ್ತು, ನಮಗೂ ಅದಕ್ಕೂ ಏನು ಸಂಬಂಧ ಎಂದುಕೊಳ್ಳಬಾರದು. ಅದರ ಮೂಲ ಮಗ್ಗದ ಮನೆಯಲ್ಲೇ ಇದೆ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಎಂಬವನು 1804ರಲ್ಲಿ ತೂತು ಕೊರೆದ ರಟ್ಟುಗಳಿಂದ ರೇಷ್ಮೆ ಮಗ್ಗ ನಡೆಸುವ ಉಪಾಯ ಕಂಡುಹಿಡಿದ. ತೂತು ಇದ್ದಲ್ಲಿ ಹಾಸಿನ ನೂಲು ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಟ್ಟು ಬದಲಿಸಿದರೆ ಬಟ್ಟೆಯ ಚಿತ್ತಾರವೇ ಬದಲು. ಇಂಥದೇ ರಟ್ಟುಗಳನ್ನು 1890ರ ಅಮೆರಿಕದ ಜನಗಣತಿಯಲ್ಲಿ ಹಾಲರಿತ್ ಎಂಬವನು ತಲೆ ಎಣಿಸಲು ಬಳಸಿದ. ಅವನ ಕಂಪೆನಿ ಮತ್ತೆ ಕೆಲವು ಕಂಪೆನಿಗಳೊಡನೆ ಸೇರಿ ಮುಂದೆ ಐಬಿಎಂ ಎನಿಸಿಕೊಂಡಿತು. ಇಂದಿನ ಫೋನಿನ ಹೊಟ್ಟೆಯಲ್ಲಿ ನಡೆಯುವುದೂ ಅದೇ ‘ಉಂಟು, ಇಲ್ಲ’ ಎಂಬ ಲೆಕ್ಕವೇ.

1831ರಲ್ಲಿ ಅದೇ ಲಿಯಾನಿನ ನೇಕಾರರು ದಂಗೆ ಎದ್ದರು. ಅವರು ಕೇಳಿದ್ದು ನೆಯ್ದ ಬಟ್ಟೆಗೆ ಕನಿಷ್ಠ ದರ. ಮಗ್ಗ ಬೇಡವೆಂದು ಅವರು ಹೇಳಲಿಲ್ಲ. ಮಗ್ಗ ಹೆಚ್ಚು ನೆಯ್ದಾಗ ಬಂದ ಲಾಭದಲ್ಲಿ ನಮ್ಮ ಪಾಲೆಲ್ಲಿ ಎಂದರು. ನಮ್ಮ ಕಾಲದ ಪ್ರಶ್ನೆಯೂ ಇದೇ.

ನಮ್ಮ ದೇಶ ಈ ಪ್ರಶ್ನೆಯನ್ನು ಒಮ್ಮೆ ಧೈರ್ಯವಾಗಿ ಕೇಳಿತ್ತು. ವಿದೇಶಿ ಕಂಪೆನಿಗಳು ಇಲ್ಲಿಯ ತಮ್ಮ ಪಾಲನ್ನು ನೂರಕ್ಕೆ 40ಕ್ಕೆ ಇಳಿಸಬೇಕೆಂಬ ಕಾನೂನು 1973ರಲ್ಲಿ ಆಯಿತು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾಮಗಾರರ ನಾಯಕರಾದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಗಳಾಗಿದ್ದ ಕಾಲದಲ್ಲಿ, ಅದಕ್ಕೆ ಒಪ್ಪದ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಆಕಾಶ ಕಳಚಿ ಬಿತ್ತೇ? ಬೀಳಲಿಲ್ಲ. ಅದು ಬಿಟ್ಟುಹೋದ ಯಂತ್ರಗಳನ್ನು ಸರಕಾರಿ ರಂಗದ ಸಿಎಂಸಿ ಸಂಸ್ಥೆಯ ಇಂಜಿನಿಯರರು ನಡೆಸಿದರು. 1980ರ ದಶಕದ ನಡುವೆ ರೈಲಿನ ಟಿಕೇಟು ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿಕೊಟ್ಟದ್ದೂ ಅದೇ ಸಂಸ್ಥೆ. ಸಾಮಾನ್ಯ ಪ್ರಯಾಣಿಕನಿಗೆ ಕಂಪ್ಯೂಟರಿನಿಂದ ದೊರೆತ ಮೊದಲ ದೊಡ್ಡ ಉಪಕಾರಗಳಲ್ಲಿ ಅದೂ ಒಂದು. ಆ ಸಂಸ್ಥೆಯನ್ನು 2001ರಲ್ಲಿ ಖಾಸಗಿಯವರಿಗೆ ಮಾರಲಾಯಿತು. ಜನರ ಹಣದಿಂದ ಬೆಳೆದ ಬುದ್ಧಿ ಹೀಗೆ ಕೈ ಬದಲಿಸಿತು.

ಅಂಗಡಿಯ ಚೌಕದ ಚಿತ್ರ

ಈಗ ನಮ್ಮ ಅಂಗಡಿಗೆ ಬರೋಣ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟನು ದಿನವೂ ಅಂಗಡಿಗೆ, ಮನೆಗೆ ಬಂದು ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಆ ಪುಸ್ತಕ ಗಿರಾಕಿಯ ಕೈಯಲ್ಲಿರುತ್ತಿತ್ತು. ಲೆಕ್ಕ ತಪ್ಪಿದರೆ ಏಜೆಂಟನನ್ನು ಅಲ್ಲಿಯೇ ನಿಲ್ಲಿಸಿ ಕೇಳಬಹುದಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡಿತು.

ಇಂದು ಎಳನೀರು ಮಾರುವವನ ಗಾಡಿಯ ಮೇಲೂ ಚೌಕದ ಚಿತ್ರವೊಂದು ಅಂಟಿದೆ. 2016ರಲ್ಲಿ ಬಂದ ಯುಪಿಐ ಒಳ್ಳೆಯ ವ್ಯವಸ್ಥೆ ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಚಿಲ್ಲರೆಯ ಜಗಳ ತಪ್ಪಿತು. 2020ರ ಜನವರಿಯಿಂದ ವ್ಯಾಪಾರಿಗೆ ಅದರ ಮೇಲೆ ವ್ಯವಹಾರ ಶುಲ್ಕವನ್ನೂ ಹಾಕಲಿಲ್ಲ. ರಸ್ತೆಯನ್ನು ಹಾಕಿದ್ದು ನಮ್ಮ ದೇಶದ ಬ್ಯಾಂಕುಗಳು ಸೇರಿ ಕಟ್ಟಿದ ನಿಗಮ. ಆದರೆ ಆ ರಸ್ತೆಯಲ್ಲಿ ಓಡುವ ಬಂಡಿಗಳು ಯಾರವು? 2025ರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ವ್ಯವಹಾರ ನಡೆದದ್ದು ಎರಡೇ ಕಂಪೆನಿಗಳ ಮೂಲಕ: ಒಂದು ಅಮೆರಿಕದ ವಾಲ್‌ಮಾರ್ಟ್ ಹಿಡಿತದ ಫೋನ್‌ಪೇ, ಇನ್ನೊಂದು ಗೂಗಲಿನದು. ಯಾವ ಕಂಪೆನಿಯೂ ನೂರಕ್ಕೆ 30ರ ಮೇಲೆ ಹೋಗಬಾರದೆಂದು ನಿಗಮವೇ 2020ರಲ್ಲಿ ನಿಯಮ ಮಾಡಿತು. ಅದರ ಜಾರಿಯನ್ನು ಮುಂದೂಡುತ್ತ ಬಂದು, 2024ರ ಕೊನೆಯಲ್ಲಿ ಮತ್ತೆರಡು ವರ್ಷ ಮುಂದೂಡಿತು. ಬಡವನ ಬಾಕಿಗೆ ಇಂತಹ ವಾಯಿದೆ ಎಂದಾದರೂ ಸಿಕ್ಕಿದ್ದುಂಟೇ?

ಈ ಲೆಕ್ಕದ ಬಿಸಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗೆ ತಟ್ಟಿದ್ದು 2025ರ ಜುಲೈಯಲ್ಲಿ. ನಾಲ್ಕು ವರ್ಷಗಳ ಯುಪಿಐ ಜಮೆಯನ್ನು ಕೂಡಿಸಿ ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳಿಸಿತು. ನೆರೆಯ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟೀಸು ಸುಮಾರು 29 ಲಕ್ಷ ರೂಪಾಯಿಯದು. ತರಕಾರಿಗೆ ತೆರಿಗೆಯೇ ಇಲ್ಲ! ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ಮೀರಿದರೆ ನೋಂದಣಿ ಬೇಕೆಂಬ ನಿಯಮವನ್ನು ಅಂಗಡಿ ಅಂಗಡಿಗೆ ಹೋಗಿ ತಿಳಿಸುವ ಕೆಲಸ ಮೊದಲು ಆಗಬೇಕಿತ್ತು. ತಮ್ಮನು ಕಳಿಸಿದ ಹಣ, ಚೀಟಿಯ ಹಣ, ಕೈಗಡ ತೀರಿದ ಹಣ ಎಲ್ಲವೂ ಅದೇ ಚೌಕದ ಮೂಲಕ ಬರುತ್ತದೆ. ಯಂತ್ರಕ್ಕೆ ಅದೆಲ್ಲ ಒಂದೇ ಮೊತ್ತ. ಎಷ್ಟೋ ಅಂಗಡಿಗಳಲ್ಲಿ ಚೌಕವನ್ನು ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು.

ತೆರಿಗೆ ಕೊಡಬೇಕಾದವನು ಕೊಡಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಶಾಲೆ, ಆಸ್ಪತ್ರೆ ನಡೆಯುವುದು ಅದರಿಂದಲೇ. ಆದರೆ ಸಣ್ಣವನ ಒಂದೊಂದು ರೂಪಾಯಿ ಕಾಣುವ ಕಣ್ಣಿಗೆ ದೊಡ್ಡವನ ಕೋಟಿ ಮಸುಕಾಗಿ ಕಾಣುವುದೇಕೆ? ವ್ಯಾಪಾರಿಗಳು ಒಂದಾಗಿ ಬಂದ್ ಕರೆ ಕೊಟ್ಟ ಮೇಲೆ ಮುಖ್ಯಮಂತ್ರಿಗಳು ಸಭೆ ಕರೆದು, ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಕೊಳ್ಳಿ ಎಂದರು. ಯಂತ್ರದ ಲೆಕ್ಕವನ್ನೂ ಸಂಘಟನೆ ಪ್ರಶ್ನಿಸಬಲ್ಲದು ಎಂಬುದು ಅಂದು ಸಿದ್ಧವಾಯಿತು.

ಸವೆದ ಬೆರಳು

ಕಾಮಗಾರರ ಮನೆಯಲ್ಲಿ ಇದಕ್ಕಿಂತ ಕಠಿಣವಾದ ಸಂಗತಿ ಇದೆ. ಗೇರುಬೀಜದ ಕಾರಖಾನೆಯಲ್ಲಿ ಬೀಜ ಒಡೆಯುವ ತಾಯಂದಿರ ಕೈ ನೋಡಿದವರಿಗೆ ಅದು ಗೊತ್ತು. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಬೂದಿ ಹಚ್ಚಿಕೊಂಡರೂ, ಎಣ್ಣೆ ಸವರಿಕೊಂಡರೂ ವರ್ಷಗಳು ಕಳೆದಂತೆ ಬೆರಳ ತುದಿಯ ಗೆರೆಗಳು ಅಳಿಯುತ್ತವೆ. ಅಘನಾಶಿನಿಯ ಹಿನ್ನೀರಿನಲ್ಲಿ ಸೊಂಟಮಟ್ಟ ನಿಂತು ಬೆಳಚು ಹೆಕ್ಕುವವರ ಕೈಯೂ ಹಾಗೆಯೇ ಸವೆಯುತ್ತದೆ. ಇಂತಹ ಕೈ ರೇಷನ್ ಅಂಗಡಿಯ ಯಂತ್ರದ ಮುಂದೆ ಬಂದಾಗ ಯಂತ್ರ ಹೇಳುವುದು: ‘ಹೊಂದಿಕೆಯಾಗುತ್ತಿಲ್ಲ.’

ಹಿಂದೆ ಓದು ಬಾರದ ಗೇಣಿದಾರನ ಹೆಬ್ಬೆಟ್ಟನ್ನು ಸಾಹುಕಾರನು ಕಾಗದಕ್ಕೆ ಒತ್ತಿಸಿಕೊಳ್ಳುತ್ತಿದ್ದ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿಯಿರಿ ಎಂದು ಒಂದು ತಲೆಮಾರು ರಾತ್ರಿ ಶಾಲೆ ನಡೆಸಿತು. ಈಗ ಸಹಿ ಬಲ್ಲ ಮಗಳಿಗೂ ಮತ್ತೆ ಹೆಬ್ಬೆಟ್ಟು ಒತ್ತು ಎನ್ನುತ್ತೇವೆ. ದುಡಿದು ಸವೆದ ಬೆರಳು ಅವಳ ಅಪರಾಧವೇ? ಬೆರಳಚ್ಚು ಕೂಡಲಿಲ್ಲವೆಂದು ಯಾರಿಗೂ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರಕಾರವೇ 2017ರಲ್ಲಿ ಸೂಚಿಸಿತ್ತು. ಯಂತ್ರ ಗುರುತಿಸದ ಕಾರಣಕ್ಕೆ ಸವಲತ್ತು ತಪ್ಪಬಾರದೆಂಬ ಮಾತು 2018ರ ಆಧಾರ್ ತೀರ್ಪಿನಲ್ಲೂ ಬಂದಿದೆ. ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ರೇಷನ್ ಅಂಗಡಿಯ ಬಾಗಿಲಿಗೆ ಹಾಕಬೇಕು. ‘ನಾಳೆ ಬಾ’ ಎಂಬ ಎರಡು ಶಬ್ದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದನ್ನು ಅಧಿಕಾರಿಗಳು ಮರೆಯಬಾರದು.

ಅಂಗೈಯಲ್ಲಿ ಆಟ

ಫೋನಿನಿಂದ ಯಕ್ಷಗಾನ ಕೆಟ್ಟಿತು ಎಂಬ ಕೂಗಿಗೂ ಒಂದು ಮಾತು. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಕೆರೆಮನೆ ಮೇಳದ ತವರು ನಮ್ಮ ಹೊನ್ನಾವರ ತಾಲೂಕು. 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ನೆಲದವರು. ಇಡೀ ರಾತ್ರಿಯ ಆಟವನ್ನು ಮೂರು ನಿಮಿಷದ ತುಂಡು ಮಾಡಿ ನೋಡುವುದು ಆಟವಲ್ಲವೆಂದು ಹಿರಿಯರು ಗೊಣಗುತ್ತಾರೆ. ಅದರಲ್ಲಿ ಸತ್ಯವಿದೆ, ಪ್ರಸಂಗದ ಏರಿಳಿತ ತುಂಡಿನಲ್ಲಿ ಸಿಗದು. ಆದರೆ ಬೆಳಿಗ್ಗೆ ಪಾಳಿಗೆ ಹೋಗಬೇಕಾದವನಿಗೆ, ಮಕ್ಕಳನ್ನು ಬಿಟ್ಟು ಬಯಲಿಗೆ ಹೋಗಲಾರದ ತಾಯಿಗೆ ಈ ಅಂಗೈಯ ರಂಗಸ್ಥಳವೇ ಗತಿ. ಅವರನ್ನು ನಾವು ಹೀಗಳೆಯುವುದಿಲ್ಲ. ಸತ್ತ ಕಲಾವಿದನ ಹೆಜ್ಜೆಯನ್ನು ಮೊಮ್ಮಗನ ಕಾಲದವನು ನೋಡಬಲ್ಲನೆಂಬುದು ಸಣ್ಣ ಸಂಗತಿಯಲ್ಲ.

ಕೇಳಬೇಕಾದ ಪ್ರಶ್ನೆ ಇಲ್ಲಿಯೂ ಲೆಕ್ಕದ್ದೇ. ವೇಷಧಾರಿಗೆ, ಭಾಗವತರಿಗೆ, ಮದ್ದಳೆಯವರಿಗೆ ಸಿಗುವುದು ಒಂದು ರಾತ್ರಿಯ ಸಂಬಳ. ಚಿತ್ರ ಹಿಡಿದು ಹಾಕಿದವನಿಗೂ ಅದನ್ನು ತೋರಿಸುವ ಕಂಪೆನಿಗೂ ಜಾಹೀರಾತಿನ ಹಣ ವರ್ಷಗಟ್ಟಲೆ ಬರಬಹುದು. ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದನಿಗೆ ಗೌರವಧನ ಸಲ್ಲಬೇಕೆಂದು ಕೃತಿಸ್ವಾಮ್ಯ ಕಾನೂನಿನ 2012ರ ತಿದ್ದುಪಡಿ ಹೇಳುತ್ತದೆ. ಇದನ್ನು ಕೇಳಿ ಪಡೆಯಲು ಮೇಳದ ಕಲಾವಿದರು ಒಟ್ಟಾಗಬೇಕು. ಕಲೆಯೂ ದುಡಿಮೆಯೇ.

ಸಣ್ಣ ಯಂತ್ರ, ದೊಡ್ಡ ಮಾತು

1951ರಲ್ಲಿ ಘಟ್ಟದ ಮೇಲಿನ ಕಾಗೋಡಿಗೆ ಬಂದು ಗೇಣಿದಾರರ ಪರವಾಗಿ ಸೆರೆಯಾದ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಸಣ್ಣ ಯಂತ್ರದ ವಿಚಾರ ಹೇಳುತ್ತಿದ್ದರು. ವಿದ್ಯುತ್ತಿನಿಂದ ನಡೆಯುವ, ಹಳ್ಳಿಯವರು ತಾವೇ ನಡೆಸಬಲ್ಲ ಯಂತ್ರವೇ ನಮ್ಮಂತಹ ದೇಶಕ್ಕೆ ತಕ್ಕದ್ದೆಂದು ಅವರ ವಾದ. ಫೋನು ನೋಡಲು ಅಂತಹ ಸಣ್ಣ ಯಂತ್ರವೇ. ಆದರೆ ಅದರ ಬುದ್ಧಿ, ಅದರ ಉಗ್ರಾಣ, ಅದರ ಲೆಕ್ಕ ಸಾವಿರಾರು ಮೈಲಿ ಆಚೆಯ ದೊಡ್ಡ ಯಂತ್ರದಲ್ಲಿದೆ. ಕೈಗೆ ಬಂದದ್ದು ಹಿಡಿ, ಅಲಗು ಬೇರೆಯವರಲ್ಲಿ.

ಬೇರೆ ದಾರಿ ಇಲ್ಲವೇ? ಇದೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡವನ್ನು ನುಡಿದಂತೆ ಬರೆಯುವ ಕೀಲಿಮಣೆಯ ವಿನ್ಯಾಸ ಮಾಡಿದರು. ಅದರ ಮೇಲೆ ಒಡೆತನ ಸಾರಿ ಹಣ ಮಾಡುವ ದಾರಿ ಹಿಡಿಯದೆ ನಾಡಿಗೆ ಬಿಟ್ಟುಕೊಟ್ಟರು. ರಾಜ್ಯ ಸರಕಾರ ಅದನ್ನೇ ಅಂಗೀಕರಿಸಿತು. ಕನ್ನಡದ ಎಷ್ಟೋ ಪತ್ರ, ಪುಸ್ತಕ, ಅರ್ಜಿಗಳು ಆ ವಿನ್ಯಾಸದ ಮೇಲೆ ಬೆರಳಾಡಿಸಿಯೇ ಸಿದ್ಧವಾಗಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಸಂಬಳವಿಲ್ಲದೆ ಬರೆಯುವವರ ದುಡಿಮೆ. ಯಂತ್ರದ ಬುದ್ಧಿಯನ್ನು ಬಾವಿಯ ನೀರಿನಂತೆ ಹಂಚಿಕೊಳ್ಳಬಹುದೆಂಬುದಕ್ಕೆ ಇವು ಸಾಕ್ಷಿ.

ಆದುದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಹಣ ಸಾಗುವ ರಸ್ತೆ ಸಾರ್ವಜನಿಕವಾಗಿರುವಂತೆ ಬಂಡಿಯೂ ಒಬ್ಬಿಬ್ಬರ ಸ್ವತ್ತಾಗಬಾರದು. ಸಹಕಾರಿ ಸಂಘಗಳೂ ಅದನ್ನು ಓಡಿಸುವಂತಾಗಲಿ. ಲೆಕ್ಕ ನೋಡಿ ನೋಟೀಸು ಕಳಿಸುವ ಮೊದಲು ವ್ಯಾಪಾರಿಯ ಮಾತನ್ನು ಕನ್ನಡದಲ್ಲಿ ಕೇಳುವ ಮನುಷ್ಯನೊಬ್ಬ ತಾಲೂಕಿನಲ್ಲಿ ಕುಳಿತಿರಲಿ. ಬೆರಳು ಹೊಂದದಿದ್ದರೆ ಅಲ್ಲಿಯೇ ಪುಸ್ತಕದಲ್ಲಿ ಸಹಿ ಪಡೆದು ಅಕ್ಕಿ ಕೊಡಲಿ. ಕಾರಖಾನೆಗೆ ಹೊಸ ಯಂತ್ರ ಬರುವಾಗ ಅದರ ಕರಾರು ಕಾಮಗಾರರ ಯೂನಿಯನ್ನಿನ ಎದುರು ಆಗಲಿ.

ಈ ಜಿಲ್ಲೆಯ ಜನ ಉಪ್ಪಿಗಾಗಿ ಸೆರೆಮನೆಗೆ ಹೋದವರು. ಗೇಣಿಯ ನೆಲಕ್ಕಾಗಿ ಹೋರಾಡಿದವರು. ಉಪ್ಪನ್ನು ಕೆಟ್ಟದ್ದೆಂದು ಅವರು ಅಂದಿರಲಿಲ್ಲ. ಅದರ ಮೇಲೆ ಕುಳಿತ ಒಡೆಯನನ್ನು ಏಳು ಎಂದಿದ್ದರು. ಅಂಗೈಯಲ್ಲಿ ಫೋನು ಹಿಡಿದ ಇಂದಿನ ತಲೆಮಾರು ಅದೇ ಮಾತನ್ನು ಲೆಕ್ಕದ ಪುಸ್ತಕದ ಒಡೆಯನಿಗೆ ಹೇಳಲಿ. ಯಂತ್ರ ಬೇಕು, ಅದರ ಲೆಕ್ಕ ನಮಗೂ ಕಾಣಬೇಕು.