ಕಬ್ರಿನಿಗೆ ಚಪ್ಪಾಳೆ, ಆಕೆಯ ಜನಕ್ಕೆ ಬಾಗಿಲು ಬಂದ್

‘ಕಬ್ರಿನಿ’ ಸಿನಿಮಾವನ್ನು ನಾನು ನೋಡಿದ್ದು ತಡವಾಗಿ, ಅದೂ ಫೋನಿನಲ್ಲಿ. ಶುರುವಲ್ಲೇ ಒಬ್ಬ ಪುಟ್ಟ ಹುಡುಗ ಸಾಯುತ್ತಿರುವ ತಾಯಿಯನ್ನು ಗಾಡಿಯಲ್ಲಿ ತಳ್ಳಿಕೊಂಡು ನ್ಯೂಯಾರ್ಕಿನ ಬೀದಿಯಲ್ಲಿ ಅಂಗಲಾಚುತ್ತಾನೆ. ಅವನಾಡುವುದು ಇಟಾಲಿಯನ್. ಯಾರೂ ಕಿವಿಗೊಡಲ್ಲ. ಆ ದೃಶ್ಯ ಈಗಲೂ ತಲೆಯಿಂದ ಹೋಗಿಲ್ಲ.

ಇಟಲಿಯ ಕ್ಯಾಥೊಲಿಕ್ ಸನ್ಯಾಸಿನಿ ಫ್ರಾನ್ಸೆಸ್ಕಾ ಕಬ್ರಿನಿ 1889ರಲ್ಲಿ ಅಮೆರಿಕಕ್ಕೆ ಬಂದಿಳಿದಾಗ ಆರ್ಚ್‌ಬಿಷಪ್ ಕೊರಿಗನ್ ಹೇಳಿದ್ದು, ವಾಪಸ್ ಹೋಗಿ ಅಂತ. ಐರಿಷ್ ಪಾದ್ರಿಗಳ ಹಿಡಿತದಲ್ಲಿದ್ದ ಚರ್ಚುಗಳಲ್ಲಿ ಇಟಾಲಿಯನ್ನರಿಗೆ ಪೂಜೆ ನಡೆಯುತ್ತಿದ್ದದ್ದು ಎಷ್ಟೋ ಕಡೆ ನೆಲಮಾಳಿಗೆಯಲ್ಲಿ. ದೇವರು ಒಬ್ಬನೇ, ಮಹಡಿ ಮಾತ್ರ ಬೇರೆ! ಆಕೆ ವಾಪಸ್ ಹೋಗಲಿಲ್ಲ. ಸಾಯುವಷ್ಟರಲ್ಲಿ 67 ಸಂಸ್ಥೆಗಳನ್ನು ಕಟ್ಟಿದ್ದರು.

ನನ್ನ ತಕರಾರು ಸಿನಿಮಾದ ಖಳನ ಬಗ್ಗೆ. ಜಾನ್ ಲಿತ್‌ಗೋ ಮಾಡಿರುವ ಮೇಯರ್ ಗೌಲ್ಡ್ ಕಾಲ್ಪನಿಕ ಪಾತ್ರ. ದ್ವೇಷವೆಲ್ಲ ಒಬ್ಬ ಕೆಟ್ಟ ಗಂಡಸಿನಲ್ಲಿ ತುಂಬಿಕೊಂಡಿದೆ, ಅವನನ್ನು ಮಣಿಸಿದರೆ ಕಥೆ ಮುಗೀತು. ನಿಜದಲ್ಲಿ ಇಟಾಲಿಯನ್ನರನ್ನು ತಡೆದದ್ದು ಯಾವ ಮೇಯರನೂ ಅಲ್ಲ, ಒಂದು ಲೆಕ್ಕಾಚಾರ.

1924ರ ವಲಸೆ ಕಾನೂನು ಇಟಲಿಯಂಥ ದೇಶಗಳಿಗೆ ದೇಶವಾರು ಕೋಟಾ ಹಾಕಿತು: ಆಯಾ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರ ಸಂಖ್ಯೆಯ ಶೇ. 2ರಷ್ಟು ಜನ ಮಾತ್ರ ವರ್ಷಕ್ಕೆ ಬರಬಹುದು. ಯಾವ ಜನಗಣತಿ ಪ್ರಕಾರ? 1920ರದ್ದು ಕೈಯಲ್ಲಿತ್ತು. ಆರಿಸಿಕೊಂಡದ್ದು 1890ರದ್ದು, ಅಂದರೆ ಇಟಾಲಿಯನ್ನರು ದೊಡ್ಡ ಸಂಖ್ಯೆಯಲ್ಲಿ ಬರುವುದಕ್ಕೂ ಮೊದಲಿನದು. 1907ರೊಂದರಲ್ಲೇ 2.8 ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಬಂದಿದ್ದರು. ಹೊಸ ಕೋಟಾ 3,845. ಗಡಿಯಾರವನ್ನು ಹೆಚ್ಚುಕಮ್ಮಿ ಕಬ್ರಿನಿ ಹಡಗಿಳಿದ ಹೊತ್ತಿಗೇ ತಿರುಗಿಸಿಟ್ಟರು. (ಭಾರತೀಯರಿಗೆ ಬಾಗಿಲು 1917ರಲ್ಲೇ ಮುಚ್ಚಿತ್ತು. ಆಕೆ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.)

ಆ ಕಾನೂನಿಗೆ ನೂರು ತುಂಬಿದ 2024ರಲ್ಲೇ ಸಿನಿಮಾ ಬಂತು. ಕಾನೂನಿನ ಸುಳಿವೇ ಅದರಲ್ಲಿಲ್ಲ. ನಿರ್ದೇಶಕ ಮಾಂಟೆವರ್ಡೆ, ಬಿಡುಗಡೆ ಮಾಡಿದ್ದು ಏಂಜೆಲ್ ಸ್ಟುಡಿಯೋಸ್. ಇದೇ ಜೋಡಿಯ ಹಿಂದಿನ ಸಿನಿಮಾ ‘ಸೌಂಡ್ ಆಫ್ ಫ್ರೀಡಂ’ ಅನ್ನು ಟ್ರಂಪ್ ತಮ್ಮ ಗಾಲ್ಫ್ ಕ್ಲಬ್ಬಿನಲ್ಲೇ ಹಾಕಿಸಿದ್ದರು. ಆ ಸಿನಿಮಾಕ್ಕೆ ಮುಗಿಬಿದ್ದವರಲ್ಲಿ ಗಡಿಪಾರು ಘೋಷಣೆ ಕೂಗುವವರೂ ಇದ್ದರು. ಅವರೇ ಬಂದು ಕೂತರೂ ಸಿಟ್ಟಾಗುವಂಥದ್ದು ‘ಕಬ್ರಿನಿ’ಯಲ್ಲಿ ಏನೂ ಇಲ್ಲ. ಮೇಯರನ್ನು ಬೈದು, ಕಣ್ಣೊರೆಸಿಕೊಂಡು ಎದ್ದು ಹೋಗಬಹುದು.

ಕಬ್ರಿನಿಯನ್ನು ಚರ್ಚ್ 1946ರಲ್ಲಿ ಸಂತಳೆಂದು ಸಾರಿತು, 1950ರಲ್ಲಿ ವಲಸಿಗರ ಪಾಲಕ ಸಂತಳೆಂದಿತು. ದೇಶವಾರು ಕೋಟಾ ಆಗಲೂ ಜಾರಿಯಲ್ಲಿತ್ತು. ಅದನ್ನು ಕೈಬಿಡಲು ಕಾನೂನು ಬಂದದ್ದು 1965ರಲ್ಲಿ.